ಹೊರಡುವ ಮುನ್ನ ಒಂದು ನಿಮಿಷ

ತಂಬೋವ್, ಮೇ 1963

ಮುದ್ದಿನ ಲಿದಾ,

ಪ್ಯಾರಾಚೂಟ್ ಸ್ಪರ್ಧೆಯ ತರಬೇತಿ ಇನ್ನೂ ಮುಗಿದಿಲ್ಲವೆಂದು ಬರೆದಿದ್ದೀಯ. ಸರಿ. ಮೊನ್ನೆ ಮಾಸ್ಕೋದಿಂದ ಇಬ್ಬರು ವೈದ್ಯರು ಬಂದಿದ್ದರು. ಚಿಕ್ಕಂದಿನಲ್ಲಿ ಉಯ್ಯಾಲೆ ಆಡಿದರೆ ನಿನಗೆ ತಲೆ ಸುತ್ತುತ್ತಿತ್ತೇ, ಕತ್ತಲೆ ಕೋಣೆಯಲ್ಲಿ ಒಬ್ಬಳೇ ಇದ್ದರೆ ಅಳುತ್ತಿದ್ದೆಯೇ ಎಂದೆಲ್ಲ ಕೇಳಿದರು. ಪಕ್ಕದ ಮನೆಯ ಗ್ಲಾಫಿರಾ ಸುಮ್ಮನಿರುವವಳೇ? “ಕೆಳಕ್ಕೆ ಬೀಳೋದಕ್ಕೆ ಇಷ್ಟೆಲ್ಲ ವಿಚಾರಣೆ ಯಾಕೆ? ನಿನ್ನ ಮಗಳು ಮೇಲಕ್ಕೇ ಹೋಗ್ತಾಳೇನೋ ನೋಡ್ಕೊಳ್ಳೇ,” ಎಂದಳು. “ನಿನ್ನ ಆಲೂಗಡ್ಡೆ ಸೀದು ಹೋಗ್ತಿದೆ, ಹೋಗು,” ಎಂದೆ.

ನಾನು ಏನೂ ಕೇಳುವುದಿಲ್ಲ. ಆದರೂ ರಾಕೆಟ್ಟಿನಲ್ಲಿ ಭೂಮಿ ಸುತ್ತಿ ಬಂದವರು ನಿನಗೆ ಎಲ್ಲಾದರೂ ಸಿಕ್ಕರೆ ವಿಚಾರಿಸು: ಅಷ್ಟು ಮೇಲಿನಿಂದ ಊರಿನ ದೀಪಗಳು ಕಾಣುತ್ತವೆಯೇ? ಬಾಯಿಗಿಟ್ಟ ತುತ್ತು ತಾನಾಗಿ ಗಂಟಲಿಗೆ ಇಳಿಯುತ್ತದೆಯೇ?

ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಬೂಟು ಯಾವುದೇ ಕೊಡಲಿ, ಒಳಗೆ ಇದನ್ನೇ ಹಾಕಿಕೋ.

ಕಳೆದ ಸಲ ನೀನು ಅವಸರದಲ್ಲಿ ಹೊರಟೆ. ಪ್ರಯಾಣಕ್ಕೆ ಮುನ್ನ ಎಲ್ಲರೂ ಒಂದು ನಿಮಿಷ ಮಾತಿಲ್ಲದೆ ಕೂರುವ ನಮ್ಮ ಪದ್ಧತಿ ತಪ್ಪಿಹೋಯಿತು. ಈ ಸಲ ತಪ್ಪಿಸಬೇಡ. ನಿನ್ನನ್ನು ಮೊದಲೇ ಕುರ್ಚಿಗೆ ಬಿಗಿದು ಕೂರಿಸಿದ್ದರೆ ಅದೇ ಸಾಕು, ಮಾತು ಮಾತ್ರ ನಿಲ್ಲಿಸು. ದಿನ ಯಾವುದೆಂದು ನೀನು ಹೇಳುವಂತಿಲ್ಲವೆಂದು ನನಗೆ ಗೊತ್ತು. ಅದಕ್ಕೇ ದಿನಾ ಬೆಳಿಗ್ಗೆ ನಿನ್ನ ಪೆಟ್ಟಿಗೆಯ ಮೇಲೆ ಒಂದು ನಿಮಿಷ ಕೂರುತ್ತಿದ್ದೇನೆ.

ನಿನ್ನ ಅಮ್ಮ,
ಅಗ್ರಫೇನಾ