ಎರಡು ತಲೆಯ ಕುರಿಯ ಹರಿವಾಣ

ಬರ್ಸ್ಲೆಮ್
ಭಾನುವಾರ, 10 ಮಾರ್ಚ್ 1974

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಬೆರಿಲ್ ಚಿಕ್ಕಮ್ಮನ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆಯೇ? ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಾಳೋ, ಇಲ್ಲ ಮಲಗಿದಲ್ಲಿಂದಲೇ ನಿನ್ನನ್ನು ಕುಣಿಸುತ್ತಿದ್ದಾಳೋ? ಅಲ್ಲಿನ ಕಡಲಗಾಳಿ ನಿನ್ನ ಕೆಮ್ಮಿಗೆ ಒಳ್ಳೆಯದಂತೆ. ಆದರೂ ಕುತ್ತಿಗೆಗೆ ಏನಾದರೂ ಸುತ್ತಿಕೊಳ್ಳದೆ ಹೊರಗೆ ಹೋಗಬೇಡ. ಕ್ಲೈವ್ ಚೆನ್ನಾಗಿದ್ದಾನೆ, ಈ ವಾರವೂ ಅವನಿಗೆ ಕಾರ್ಖಾನೆಯಲ್ಲಿ ಪಿಂಗಾಣಿ ಸುಡುವ ಗೂಡಿನ ಹತ್ತಿರ ರಾತ್ರಿಪಾಳಿ. ರಸೆಲ್‌ಗೆ ಎಂಟು ತಿಂಗಳು ತುಂಬಿತು, ಕೆಳಗೆ ಎರಡು ಹಲ್ಲು ಬಂದಿವೆ. ನೆಗಡಿ ಅಂತೂ ಇಳಿಯಿತು.

ಕಿವಿಯ ಪರೀಕ್ಷೆಯಲ್ಲಿ ಅವನು ಸದ್ದಿಗೆ ಒಮ್ಮೆಯೂ ತಿರುಗಲಿಲ್ಲವೆಂದು ಬರೆದಿದ್ದೆನಲ್ಲ. ನೆಗಡಿಯಿಂದ ಕಿವಿಯೊಳಗೆ ನೀರು ಕಟ್ಟಿರಬಹುದು, ಇಳಿದ ಮೇಲೆ ಮತ್ತೆ ನೋಡೋಣ ಎಂದು ದಾದಿ ಅಂದದ್ದನ್ನೂ ಬರೆದಿದ್ದೆ. ಬರೆಯದೆ ಬಿಟ್ಟದ್ದು ಒಂದಿದೆ. ಪರೀಕ್ಷೆ ಮುಗಿದ ಮೇಲೆ ಆಕೆ ನನಗೆ ಚಹಾದ ಜೊತೆ ಬಿಸ್ಕತ್ತಿನ ತಟ್ಟೆ ಕೊಟ್ಟಳು. ನನ್ನ ಕೈ ನನ್ನನ್ನು ಕೇಳಲೇ ಇಲ್ಲ. ಯಾರ ಕಾರ್ಖಾನೆಯದೆಂದು ತಳದ ಗುರುತು ನೋಡಲು ತಟ್ಟೆಯನ್ನು ತಿರುವಿಯೇ ಬಿಟ್ಟಿತು. ಬಿಸ್ಕತ್ತು ಮಡಿಲಿಗೆ, ತಟ್ಟೆ ನೆಲಕ್ಕೆ. “ಓಹೋ, ನೀವೂ ಈ ಪಿಂಗಾಣಿ ಊರಿನವರೇ ಬಿಡಿ! ನಮ್ಮತ್ತೆ ಮದುವೆ ಊಟದಲ್ಲಿ ಸಾರಿನ ಸಮೇತ ತಟ್ಟೆ ತಿರುವಿದ್ರು, ಬೀಗರ ಮುಂದೆ,” ಎಂದು ದಾದಿ ನಕ್ಕಳು. ನಾನೂ ನಕ್ಕೆ. ಆಮೇಲೆ ಮಗುವಿನ ಕಡೆ ನೋಡಿದೆ. ಬೆನ್ನ ಹಿಂದೆಯೇ ತಟ್ಟೆ ಚೂರಾಗಿದ್ದರೂ ಅವನು ಕಿಟಕಿಯ ಪರದೆಯನ್ನು ನೋಡುತ್ತ ಹಾಯಾಗಿ ಕೂತಿದ್ದ.

ಅಂದಿನಿಂದ ನನಗೆ ನಿದ್ದೆಯಿಲ್ಲ, ಅಮ್ಮಾ. ಮಗು ಎದ್ದಾಗ ಎದ್ದಿರುತ್ತೇನೆ, ಮಲಗಿದಾಗಲೂ ಎದ್ದಿರುತ್ತೇನೆ. ಗ್ರಂಥಾಲಯದಿಂದ ಕಿವಿಯ ಬಗ್ಗೆ ದಪ್ಪ ಪುಸ್ತಕ ತಂದು ಓದಿದೆ. ಕಾಲೇಜಿನಲ್ಲಿ ಕಲಿತದ್ದರಿಂದ ಆದ ಲಾಭ ಇಷ್ಟೇ: ಹೆದರಲು ಹೊಸ ಹೊಸ ಹೆಸರುಗಳು ಸಿಕ್ಕವು. ದಿನವಿಡೀ ಅವನ ಹಿಂದೆ ನಿಂತು ಚಮಚ ಬಡಿಯುತ್ತೇನೆ, ಬಾಗಿಲು ಹಾಕುತ್ತೇನೆ. ಒಮ್ಮೆ ತಿರುಗುತ್ತಾನೆ, ನಾಲ್ಕು ಸಲ ಇಲ್ಲ. ತಿರುಗಿದ್ದು ಸದ್ದಿಗೋ ನನ್ನ ನೆರಳಿಗೋ ಯಾರಿಗೆ ಗೊತ್ತು! “ನೀನು ಹೀಗೇ ಪಾತ್ರೆ ಬಡೀತಿದ್ರೆ ಅವನಿಗಲ್ಲ ಕಣೇ, ನನಗೆ ಕಿವುಡು ಬರುತ್ತೆ,” ಅಂತಾನೆ ಕ್ಲೈವ್. ಹಗಲು ಮಲಗುವವನು, ಪಾಪ.

ನಿನ್ನೆ ಅವನೇ ನಮ್ಮಿಬ್ಬರನ್ನೂ ಹೊರಗೆ ಅಟ್ಟಿದ. ಚಾಪೆಲ್ಲಿನ ಶಾಲೆಯಲ್ಲಿ ಹಳೆ ಪಿಂಗಾಣಿಯ ಸಂತೆಯಿತ್ತು. ನಿನ್ನ ಬೀರುವಿನ ಹಳೆ ಹರಿವಾಣಗಳ ಸಾಲಿಗೆ ಒಂದು ನೀಲಿಯದು ಸಿಕ್ಕೀತು ಎಂದುಕೊಂಡು ತಳ್ಳುಗಾಡಿ ತಳ್ಳಿಕೊಂಡು ಹೋದೆ. ನಿನ್ನ ಜೊತೆ ಅಚ್ಚಿನ ಮನೆಯಲ್ಲಿ ತಟ್ಟೆಗಳಿಗೆ ಚಿತ್ರದ ಅಚ್ಚುಕಾಗದ ಮೆತ್ತುತ್ತಿದ್ದ ಪಾಡ್ಮೋರ್ ಅಜ್ಜಿ ಈಗ ಅಲ್ಲಿ ಮಾರಾಟಕ್ಕೆ ಮೇಜು ಹಾಕುತ್ತಾಳೆ. “ಏನೇ ಲಿನೆಟ್, ಮುಖ ಹಸಿ ಮಣ್ಣಿನ ತಟ್ಟೆ ಥರ ಜೋತುಬಿದ್ದಿದೆ? ನಿಮ್ಮಮ್ಮ ಇಲ್ದೆ ಊಟ ಮಾಡಿಸೋರಿಲ್ವಾ?” ಅಷ್ಟಕ್ಕೇ ನನಗೆ ಅಳು ಬಂತು. ಎಲ್ಲವನ್ನೂ ಹೇಳಿಬಿಟ್ಟೆ, ಬಿಸ್ಕತ್ತಿನ ತಟ್ಟೆಯದೂ ಸೇರಿಸಿ.

ಅಜ್ಜಿ ಸಮಾಧಾನ ಹೇಳಲಿಲ್ಲ. “ನೀನು ಅಲ್ಲೇ ನಿಲ್ಲು, ಉಸಿರೆತ್ತಬೇಡ,” ಎಂದು ಗದರಿ, ಒಂದು ದೊಡ್ಡ ಹರಿವಾಣ ಎತ್ತಿಕೊಂಡು ಗಾಡಿಯ ಹಿಂದಕ್ಕೆ ಹೋದಳು. ಬಿರುಕು ಉಂಟೋ ಇಲ್ಲವೋ ಎಂದು ನೀವೆಲ್ಲ ಪರೀಕ್ಷಿಸುತ್ತೀರಲ್ಲ, ಹಾಗೆ ಬೆರಳ ಗೆಣ್ಣಿನಿಂದ ಅಂಚಿಗೆ ಬಡಿದಳು. ಟಪ್ ಎಂದಿತು. ಮಗು ಅಲುಗಲಿಲ್ಲ. “ಇದು ಸೀಳಿದೆ. ಇದಕ್ಕೆ ನಾನೂ ತಿರುಗಲ್ಲ, ಹೋಗೇ!” ಎಂದು ಅಜ್ಜಿ ಅದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿದಳು. ಬಡಿದಳು. ಅಮ್ಮಾ, ಅದು ಗಂಟೆಯ ಹಾಗೆ ಮೊಳಗಿತು. ರಸೆಲ್ ಬಾಯಲ್ಲಿದ್ದ ಬೆರಳನ್ನು ಹೊರಗೆ ತೆಗೆದ. ಹುಬ್ಬು ಏರಿಸಿದ. ಆಮೇಲೆ ಇಡೀ ಮೈಯನ್ನೇ ಎಡಕ್ಕೆ ತಿರುಗಿಸಿ ಹುಡುಕಿದ. ಅಜ್ಜಿ ಬಲಕ್ಕೆ ಸರಿದು ಬಡಿದಾಗ ಬಲಕ್ಕೆ ತಿರುಗಿದ. ಮೂರನೆಯ ಸಲ ಮೆಲ್ಲಗೆ ಬಡಿದಾಗ ಮಾತ್ರ ತಿರುಗಲಿಲ್ಲ, ಅದನ್ನೂ ಮುಚ್ಚಿಡದೆ ಬರೆಯುತ್ತೇನೆ. ಅಷ್ಟರಲ್ಲಿ ಸುತ್ತ ಜನ ಸೇರಿದ್ದರು. “ಗಿರಾಕಿ ಅಂದ್ರೆ ಇವನು! ಒಡೆದದ್ದು ಕೊಟ್ರೆ ಕತ್ತೇ ಎತ್ತಲ್ಲ,” ಎಂದು ಪಕ್ಕದ ಮೇಜಿನ ಮುದುಕ ನಕ್ಕ. ನಾನು ಮಾತ್ರ ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದೆ.

ಆ ಹರಿವಾಣವನ್ನೇ ತಂದಿದ್ದೇನೆ. ನೂರೈವತ್ತು ವರ್ಷದ್ದಂತೆ. ನೀನು ನೋಡಿದರೆ ಬೈಯುತ್ತೀಯ. ಮಧ್ಯದ ಸೇತುವೆ, ಹೊಳೆ ಎಲ್ಲ ಸೊಗಸಾಗಿವೆ, ಆದರೆ ಅಂಚಿನ ಅಚ್ಚುಕಾಗದದ ಎರಡು ತುದಿ ಕೂಡುವಲ್ಲಿ ಮೆತ್ತಿದವಳು ಎಡವಿದ್ದಾಳೆ. ಒಂದು ಕುರಿಗೆ ಎರಡು ತಲೆ ಬಂದಿದೆ, ಅದರ ಪಕ್ಕದ ಗುಲಾಬಿಗೆ ಅರ್ಧವೇ ಹೂವು. “ಅಚ್ಚಿನ ಚಿತ್ರ ಯಾರಾದ್ರೂ ಕೊರೀತಾರೆ, ಕಾಗದ ಕೂಡಿಸೋ ಕೈ ನೋಡು,” ಎಂದು ನೀನು ಎಷ್ಟು ಹರಿವಾಣಗಳನ್ನು ಬೇಡವೆಂದು ಮರಳಿಸಿದ್ದೀಯ! ಆದರೆ ಇವಳೂ ಎಂಟು ತಿಂಗಳ ಮಗುವನ್ನು ಯಾರ ಹತ್ತಿರವೋ ಬಿಟ್ಟು ಬಂದು, ನಿದ್ದೆಗಣ್ಣಿನಲ್ಲಿ ಈ ಕಾಗದ ಮೆತ್ತಿರಬಹುದು ಎಂದು ನನಗೆ ಅನ್ನಿಸಿತು. ನಿನ್ನ ಬೀರುವಿನ ನಡುಹಲಗೆಯ ಮೇಲೆ ನಿಲ್ಲಿಸಿದ್ದೇನೆ. ಇಂದು ಬೆಳಿಗ್ಗೆ ಓಟ್ಸ್ ರೊಟ್ಟಿ, ಚೀಸು ತಿಂದೆ, ಹಸಿವಾಗಿ ತಿಂದೆ. ಇದೂ ಒಂದು ಸುದ್ದಿಯೇ.

ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ಕ್ಲೈವ್ ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿ ಮಲಗಲು ಹೋದ. ರಸೆಲ್‌ನ ಎರಡು ಹಲ್ಲಿನ ಮುತ್ತು ನಿನ್ನ ಕೆನ್ನೆಗೆ.

ನಿನ್ನ ಮಗಳು,
ಲಿನೆಟ್

ಮ.ಸೂ.: ಮರುಪರೀಕ್ಷೆ ಗುರುವಾರ ಹತ್ತು ಗಂಟೆಗೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡವರು ಒಂದಿಷ್ಟೂ ಅಲುಗಬಾರದಂತೆ, ಅಲುಗಿದರೆ ಅದನ್ನೇ ತಿಳಿದು ಮಗು ತಿರುಗುತ್ತದೆ. ನನ್ನ ಕಾಲು ಈಗಲೇ ನಡುಗುತ್ತಿದೆ. ಇಪ್ಪತ್ತೆರಡು ವರ್ಷ ಕೈ ಅಲುಗದ ಹಾಗೆ ಒದ್ದೆ ಅಚ್ಚುಕಾಗದ ಹಿಡಿದವಳು ನೀನು. ಚಿಕ್ಕಮ್ಮನನ್ನು ಒಂದು ದಿನ ಪಕ್ಕದ ಮನೆಯವರಿಗೆ ಒಪ್ಪಿಸಿ ಬಾ. ಅವನನ್ನು ನೀನೇ ಕೂರಿಸಿಕೋ, ಅಮ್ಮಾ.