ಜಯಾ ಮೇಡಂ ಕಪಾಟು

ತನ್ಮಯಿ ಮೇಡಂ ಅವರಿಗೆ,

ನನಗೆ ಓದು ಕಲಿಸಲು ನಿಮ್ಮ ತಾಯಿ ಜಯಾ ಮೇಡಂಗೆ ಎರಡು ವರ್ಷದ ಮಧ್ಯಾಹ್ನದ ನಿದ್ದೆ ಖರ್ಚಾಯಿತು, ನನಗೆ ನಲವತ್ತೈದನೇ ವಯಸ್ಸಿನ ನಾಚಿಕೆ. ಅಲ್ಲಿಯವರೆಗೆ ನನ್ನ ಹಳೇ ಪೇಪರ್ ಅಂಗಡಿಯಲ್ಲಿ ಪುಸ್ತಕ ಅಂದರೆ ಬರೀ ತೂಕ.

ನಿನ್ನೆ ಅವರ ಕಪಾಟು ಖಾಲಿ ಮಾಡಲು ನನ್ನನ್ನೇ ಕರೆಸಿದಿರಿ. “ಅಮ್ಮನಿಗೆ ನನ್ನ ಹೆಸರೇ ನೆನಪಿಲ್ಲ, ಪುಸ್ತಕ ಇಟ್ಕೊಂಡು ಏನ್ಮಾಡ್ತಾರೆ?” ಅಂದಿರಿ. ಅವರಿಗೆ ನನ್ನ ಹೆಸರೂ ನೆನಪಿಲ್ಲ. ತಕ್ಕಡಿ ಕೆಳಗಿಟ್ಟು, ಅವರ ಪಕ್ಕ ಕೂತು ಒಂದು ಪುಟ ಓದಿದೆ.

“ಚೆನ್ನಾಗಿ ಓದ್ತೀಯಪ್ಪ, ಯಾರು ಕಲಿಸಿದ್ದು?” ಅಂದರು.

“ಜಯನಗರದ ಒಬ್ಬರು ಮೇಡಂ” ಅಂದೆ.

“ಸಿಕ್ಕಿದ್ರೆ ನನ್ನ ನಮಸ್ಕಾರ ಹೇಳು.”

ತೂಗದೆ ವಾಪಸ್ ಬಂದೆ. ಅವರಿರುವವರೆಗೆ ಕಪಾಟು ಇರಲಿ, ಭಾನುವಾರ ಬಂದು ಓದುತ್ತೇನೆ.

ಈವರೆಗಿನ ಲೆಕ್ಕ: ನನಗೆ ಓದು ಬಂತು, ನಿಮಗೆ ಕಪಾಟು ಖಾಲಿಯಾಗಲಿಲ್ಲ, ಅವರಿಗೆ ತಲುಪಬೇಕಾದ ನಮಸ್ಕಾರ ನನ್ನ ಹತ್ತಿರವೇ ಉಳಿದಿದೆ.

ಇಂತಿ,
ಮಹಾಂತೇಶ್
ಹಳೇ ಪೇಪರ್ ಅಂಗಡಿ, ಬನಶಂಕರಿ