ಅಮಾವಾಸ್ಯೆಗೆ ಎರಡನೇ ಭಾಗ

೧೨ ಏಪ್ರಿಲ್ ೧೯೯೮, ಭಾನುವಾರ. ಚಳ್ಳಕೆರೆ

ಬೆಳಿಗ್ಗೆ ಎರಡು ಮೋಟಾರ್ ವೈಂಡಿಂಗ್. ಒಂದು ಸುಟ್ಟಿತ್ತು, ಇನ್ನೊಂದನ್ನು ಮಾಲೀಕನೇ ಬಿಚ್ಚಿ ಕೆಡಿಸಿದ್ದ. ಮಧ್ಯಾಹ್ನ ಪ್ರೆಸ್ಸಿನ ಜಂಬುಲಿಂಗಪ್ಪನವರು ಪುಸ್ತಕ ಕಳಿಸಿದರು. ‘ಕೊನೆಯ ಸೀಟು’. ಪತ್ತೇದಾರಿ ಕಾದಂಬರಿ, ಮೂರು ಭಾಗ, ಒಂದೊಂದೂ ಐನೂರು ಪ್ರತಿ. ಬರೆದವನು ನಾನು, ಅಚ್ಚು ಹಾಕಿಸಿದವನು ನಾನು, ಸದ್ಯಕ್ಕೆ ಓದಿದವನೂ ನಾನೇ.

ಮಂಚದ ಕೆಳಗೆ ಜೋಡಿಸಿದೆ. ಈರುಳ್ಳಿ ಚೀಲ ಹೊರಗೆ ಬಂತು. ಹೆಂಡತಿ ಶಬೀನಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ದೇಖೋ ಜೀ, ಇದೂ ಮೆಣಸಿನಕಾಯಿ ಪೊಟ್ಟಣ ಆದ್ರೆ ಆಮೇಲೆ ಪೆನ್ನು ಮುಟ್ಟಂಗಿಲ್ಲ. ಆಣೆ ಮಾಡಿ.”

ಮಾಡಿದೆ. ತಪ್ಪು ಅವಳದಲ್ಲ. ಒಂಬತ್ತು ವರ್ಷದ ಹಿಂದೆ ಮೂರು ಪದ್ಯದ ಪುಸ್ತಕ ಒಂದೇ ದಿನ ಬಿಡುಗಡೆ ಮಾಡಿದ್ದೆ, ವಿಜಯದಶಮಿಗೆ. ಹಾರ, ಭಾಷಣ ಎಲ್ಲ ಆಗಿತ್ತು. ಎರಡು ತಿಂಗಳೊಳಗೆ ಬಸ್ ಸ್ಟ್ಯಾಂಡಿನಲ್ಲಿ ನನ್ನದೇ ಪದ್ಯದಲ್ಲಿ ಸುತ್ತಿಕೊಟ್ಟ ಮೆಣಸಿನಕಾಯಿ ಬಜ್ಜಿ ತಿಂದೆ. ಎಣ್ಣೆ ಹೀರಿತ್ತು. ಪ್ರಾಸ ಕೆಟ್ಟಿರಲಿಲ್ಲ.

೪ ಮೇ

“ಮೂರೂ ಒಟ್ಟಿಗೆ ವಿಜಯದಶಮಿಗೆ ಬಿಡ್ಲೇ ರಫೀಕ. ಮುಹೂರ್ತ ಚೆನ್ನಾಗೈತೆ” ಅಂದರು ಜಂಬುಲಿಂಗಪ್ಪ.

“ಹೋದ ಸಲಾನೂ ಚೆನ್ನಾಗಿತ್ತು.”

ಪಂಚಾಂಗ ಮಡಚಿದರು. ಬಸ್ ಸ್ಟ್ಯಾಂಡಿನ ಪುಸ್ತಕದ ಅಂಗಡಿಯವನು ವಾರಕ್ಕೊಂದು ಅನ್ನುತ್ತಾನೆ. ನನ್ನ ಮನಸ್ಸು ತಿಂಗಳಿಗೊಂದು. ಆದರೆ ಯಾವ ದಿನ?

ಒಟ್ಟಿಗೆ ಬಿಟ್ಟರೆ ಕಟ್ಟು ಬಿಚ್ಚುವವರಿಲ್ಲ,
ಬಿಟ್ಟು ಬಿಟ್ಟು ಬಿಟ್ಟರೆ ಗುಟ್ಟು ನೆನಪಿಡುವವರಿಲ್ಲ.

೨೫ ಮೇ, ಸೋಮವಾರ

ಮೊಳಕಾಲ್ಮೂರಿಗೆ ಹೋಗಿ ಬಂದೆ. ನೇಕಾರರ ಬೀದಿಯ ಬೋರ್‌ವೆಲ್ ಮೋಟಾರ್ ಕೆಟ್ಟು ನೀರಿಲ್ಲವೆಂದು ತುರ್ತು ಕರೆ. ಬೀದಿಗೆ ಕಾಲಿಟ್ಟರೆ ಸದ್ದೇ ಇಲ್ಲ. ಇಪ್ಪತ್ತು ವರ್ಷದಲ್ಲಿ ಆ ಬೀದಿಯಲ್ಲಿ ನನ್ನ ಚಪ್ಪಲಿ ಸದ್ದು ಕೇಳಿದ್ದು ಇದೇ ಮೊದಲು.

“ಮಗ್ಗ ಯಾಕೆ ನಿಂತೈತೆ ಅಕ್ಕ? ಯಾರಾದ್ರೂ ಹೋದ್ರಾ?”

“ನಿನ್ ಬಾಯಾಗೆ ಮಣ್ಣಾಕ!” ಅಂದಳು ಸೀರೆ ನೇಯುವ ಯರ್ರಮ್ಮ. “ಅಮಾಸೆ ಅಲ್ವೇನಣ್ಣ? ಇವತ್ತು ಮಗ್ಗ ಮುಟ್ಟಂಗಿಲ್ಲ.”

ಅವಳ ಜಗಲಿಯಲ್ಲಿ ಏಳೆಂಟು ಹೆಂಗಸರು. ಯಾವುದೋ ಹಳೆಯ ವಾರಪತ್ರಿಕೆಯ ಧಾರಾವಾಹಿಯನ್ನು ಯರ್ರಮ್ಮ ಗಟ್ಟಿಯಾಗಿ ಓದುತ್ತಿದ್ದಳು. ಕಂತು ಮುಗಿಯಿತು. ಮುಂದಿನ ಸಂಚಿಕೆ ಇಲ್ಲ.

“ತರ್ವಾತ ಏಮಾಯೆ?” ಆಮೇಲೇನಾಯ್ತು ಅಂತ ಒಬ್ಬಳು ತೆಲುಗಿನಲ್ಲಿ ಕೇಳಿದ್ದೇ ತಡ, ಎಲ್ಲರೂ ಒಂದೊಂದು ಮುಕ್ತಾಯ ಹೇಳಿದರು. ನಾಯಕನನ್ನು ಮೂರು ರೀತಿಯಲ್ಲಿ ಕೊಂದರು.

ಬೋಲ್ಟ್ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ… ಓದುಗರು ಇಲ್ಲಿದ್ದಾರೆ. ತಿಂಗಳಿಗೆ ಒಂದೇ ದಿನ ಬಿಡುವು. ನಾನು ಅವರಿಗೆ ದಸರಾ ತೋರಿಸುತ್ತಿದ್ದೆ!

೧೦ ಜೂನ್

“ಅಮಾಸೆ ದಿನ ಪುಸ್ತಕ ಬಿಡ್ತೀಯೇನ್ಲೇ? ತಲೆ ಗಿಲೆ ಕೆಟ್ಟೈತಾ?” ಅಂದರು ಜಂಬುಲಿಂಗಪ್ಪ.

“ನಿಮಗೆ ಚಂದ್ರ ಇಲ್ಲದ ದಿನ ಸ್ವಾಮಿ. ನಮಗೆ ಹೊಸ ಚಂದ್ರ ಹುಡುಕೋಕೆ ಹೊರಡೋ ದಿನ.”

“ಒಳಪುಟದಾಗೆ ನನ್ ಪ್ರೆಸ್ಸಿನ ಹೆಸರೈತೆ. ಅದನ್ನಾದ್ರೂ ಅಳಿಸ್ಕೊಂಡು ಹೋಗು.”

ಅಳಿಸಲಿಲ್ಲ.

೨೪ ಜೂನ್, ಅಮಾವಾಸ್ಯೆ

ಅರವತ್ತು ಪ್ರತಿ ಒಯ್ದೆ. ನಾಲ್ಕು ವಾಪಸು ತಂದೆ.

ಮೊದಲ ಭಾಗವನ್ನು ಯರ್ರಮ್ಮ ಒಂದೇ ಉಸಿರಿಗೆ ಓದಿದಳು. ಕಥೆಯಲ್ಲಿ ಬಸ್ಸು ತಳಕಿನಲ್ಲಿ ನಿಂತಾಗ ಕೊನೆಯ ಸೀಟಿನಲ್ಲಿ ಹೆಂಗಸು ಇದ್ದಾಳೆ. ಬಿ.ಜಿ. ಕೆರೆಯಲ್ಲಿ ಇಲ್ಲ. ಅವಳ ಕಬ್ಬಿಣದ ಟ್ರಂಕು ಮಾತ್ರ ಇದೆ. ಒಳಗಿಂದ ಯಾರೋ ತಟ್ಟುತ್ತಿದ್ದಾರೆ. ಮುಗಿಯಿತು.

“ಆಮೇಲೆ?”

“ಬರೋ ಅಮಾಸೆಗೆ.”

ಎರಡು ಭಾಷೆಯಲ್ಲಿ ಬೈದರು. ಇಷ್ಟು ಬೈಗುಳ ತಿಂದು ಇಷ್ಟು ಹೊಟ್ಟೆ ತುಂಬಿದ್ದಿಲ್ಲ.

೩ ಜುಲೈ

ಯರ್ರಮ್ಮ ಬಸ್ಸು ಹತ್ತಿ ಚಳ್ಳಕೆರೆಗೇ ಬಂದಳು. ಸೀದಾ ಮನೆಗೆ.

“ಎರಡ್ನೇದು ಕೊಡಣ್ಣ. ಯಾರ್ಗೂ ಹೇಳಾಕಿಲ್ಲ.”

“ನೀನು ಹೇಳದೆ ಇರ್ತೀಯಾ ಅಕ್ಕ?”

ಅವಳಿಗೇ ನಗು ಬಂತು. ನನ್ನ ಕೈ ಮಂಚದ ಕೆಳಗೆ ಹೋಗಿತ್ತು, ಸುಳ್ಳೇಕೆ. ಒಂಬತ್ತು ವರ್ಷ ಯಾರೂ ಕೇಳದವನು ನಾನು. ಆದರೆ ಇವತ್ತು ಕೊಟ್ಟರೆ ನಾಳೆಯೊಳಗೆ ಇಡೀ ಬೀದಿಗೆ ಕಥೆ ಗೊತ್ತು. ಅಮಾವಾಸ್ಯೆಗೆ ಜಗಲಿ ಖಾಲಿ. ಕೈ ಎಳೆದುಕೊಂಡೆ.

“ಅಮಾಸೆಗೇ.”

“ನೀನೇನು ಚಂದ್ರನ ಅಳಿಯನಾ?” ಅಂದು ಚಹಾ ಕುಡಿದು ಹೋದಳು. ಸಂಜೆ ಶಬೀನಾ ಸೊಪ್ಪು ಸೋಸುತ್ತಾ, “ಮೊದಲನೇದು ಓದಿ ಹೇಳ್ರಿ” ಅಂದಳು. ಅವಳಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬರದು. ಓದಿದೆ. ಸೊಪ್ಪು ಸೋಸಿದ್ದು ಅರ್ಧ.

೨೩ ಜುಲೈ, ಗುರುವಾರ. ಸಂಜೆ ೭

ಭೀಮನ ಅಮಾವಾಸ್ಯೆ. ಗಂಡಂದಿರ ಪೂಜೆ ಮುಗಿಸಿ ನೇರ ಜಗಲಿಗೆ ಬಂದಿದ್ದರು. ಪುಸ್ತಕಗಳ ಮೇಲೆಲ್ಲ ಅರಿಶಿನದ ಬೆರಳು. ಎರಡನೇ ಭಾಗ ಇನ್ನೂರು ಒಯ್ದಿದ್ದೆ, ಹನ್ನೊಂದು ಗಂಟೆಗೆ ಚೀಲ ಖಾಲಿ. ಪಕ್ಕದ ಮೂರು ಬೀದಿಯವರು ಮೊದಲನೆಯದನ್ನೂ ಕೇಳಿದರು. ಯಾರಿಗೂ ಗೊತ್ತಾಗದಂತೆ ನೋಡಲು ಬಂದಿದ್ದ ಜಂಬುಲಿಂಗಪ್ಪನವರು ಕಂಬದ ಹಿಂದೆ ಸಿಕ್ಕಿಬಿದ್ದರು.

“ಪಂಚಾಂಗದಾಗೆ ಇದೊಂದು ಬರ್ದಿರ್ಲಿಲ್ಲ ಕಣ್ಲೇ” ಅಂದವರು, ಮೆಲ್ಲಗೆ, “ಮೊದಲ್ನೇ ಭಾಗ ಇದ್ದದ್ದು ಮುಗೀತಿದ್ದಂಗೆ ಮರುಮುದ್ರಣ ಹಾಕಾನಾ? ಪ್ರೆಸ್ಸಿನ ಹೆಸರು ಸ್ವಲ್ಪ ದಪ್ಪಕ್ಷರದಾಗೆ?”

ಮಗ್ಗ ನಿಂತ ದಿನ ನನ್ನ ಬಂಡಿ ಓಡಿತು,
ಮಣ್ಣು ಹಾಕಿದ ಬಾಯೇ ಹಾಡಿತು.

ಮನೆಗೆ ಬಂದು ಶಬೀನಾಗೆ ಎರಡನೇ ಭಾಗ ಓದಿದೆ. ಮುಗಿಯಿತು.

“ಟ್ರಂಕು ತೆಗೀಲೇ ಇಲ್ವಲ್ಲ ಜೀ! ಒಳಗೆ ಏನೈತೆ?”

“ಬರೋ ಅಮಾವಾಸ್ಯೆಗೆ.”

“ಹಂಗಾದ್ರೆ ಊಟಾನೂ ಅಮಾವಾಸ್ಯೆಗೆ.”

ತಟ್ಟೆ ಎತ್ತಿ ಒಳಗಿಟ್ಟಳು. ತಾನೇ ಮಂಚದ ಕೆಳಗೆ ಬಗ್ಗಿ, ಮೂರನೇ ಭಾಗದ ಕಟ್ಟು ಎಳೆದು, ದಾರವನ್ನು ಹಲ್ಲಿನಿಂದ ಕಡಿದು, ಒಂದು ಪ್ರತಿ ನನ್ನ ಮುಂದೆ ಹಿಡಿದಿದ್ದಾಳೆ. ಹಸಿವು ಜೋರಾಗಿದೆ. ಪುಟ ಒಂದು—